ಅಪ್ಪನ ಮೊಬೈಲಿನಲ್ಲಿ ಹದಿನಾಲ್ಕು ಲಕ್ಷ, ಕೈಗೆ ಬಂದದ್ದು ಎಂಟು ಸಾವಿರ: ಇವರನ್ನು ತಡೆಯುವುದು ಹೇಗೆ?

ಸಾಗರದ ಮಗಳು

ವಿಷಯ ತುರ್ತಿನದು, ನೇರವಾಗಿ ಹೇಳುತ್ತೇನೆ. ನನ್ನ ಅಪ್ಪ ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟರಾಗಿದ್ದು ನಿವೃತ್ತರಾದವರು. ಅಮ್ಮನ ಜೊತೆ ಸಾಗರದ ಹತ್ತಿರದ ಹಳ್ಳಿಯಲ್ಲಿದ್ದಾರೆ, ನಾನು ಬೆಂಗಳೂರಿನಲ್ಲಿದ್ದೇನೆ. ಈ ಸಲದ ಅಡಿಕೆ ಮಾರಿದ ಮೇಲೆ ಫೇಸ್‌ಬುಕ್‌ನಲ್ಲಿ ಕಂಡ ಜಾಹೀರಾತೊಂದನ್ನು ಒತ್ತಿ, ಷೇರು ವ್ಯಾಪಾರ ಕಲಿಸುವ ವಾಟ್ಸ್‌ಆ್ಯಪ್ ಗುಂಪಿಗೆ ಸೇರಿದ್ದಾರೆ. ಅಲ್ಲಿ ‘ಪ್ರೊಫೆಸರ್’ ಒಬ್ಬ ದಿನವೂ ಪಾಠ ಮಾಡುತ್ತಾನೆ. ಅವನ ಸಹಾಯಕಿ ಎಂದು ಹೇಳಿಕೊಳ್ಳುವವಳು ಬೆಳಿಗ್ಗೆ ಸಂಜೆ ಅಪ್ಪನ ಆರೋಗ್ಯ, ಊಟ ವಿಚಾರಿಸುತ್ತಾಳೆ. ನಾನು ಅಷ್ಟು ವಿಚಾರಿಸುವುದಿಲ್ಲ ಎಂಬುದನ್ನೂ ಅಪ್ಪ ನನಗೆ ಹೇಳಿಯಾಗಿದೆ.

ಅವರು ಕಳಿಸಿದ ಲಿಂಕಿನಿಂದ ಆ್ಯಪ್ ಹಾಕಿಕೊಂಡಿದ್ದಾರೆ. ಅದು ಪ್ಲೇ ಸ್ಟೋರಿನಲ್ಲಿ ಇಲ್ಲ. ಈವರೆಗೆ ಬೇರೆ ಬೇರೆ ಖಾತೆಗಳಿಗೆ ಒಟ್ಟು 3.40 ಲಕ್ಷ ಕಳಿಸಿದ್ದಾರೆ, ಆ್ಯಪ್ 14 ಲಕ್ಷ ತೋರಿಸುತ್ತಿದೆ. ಆರಂಭದಲ್ಲಿ ಒಮ್ಮೆ ಎಂಟು ಸಾವಿರ ವಾಪಸ್ ಕೇಳಿದಾಗ ಅರ್ಧ ಗಂಟೆಯಲ್ಲಿ ಖಾತೆಗೆ ಬಂದಿತ್ತಂತೆ. ಅದೇ ಅವರ ಬ್ರಹ್ಮಾಸ್ತ್ರ. ‘ಮೋಸವಾಗಿದ್ದರೆ ದುಡ್ಡು ಏಕೆ ಕೊಡುತ್ತಿದ್ದರು?’ ಎಂದು ಕೇಳುತ್ತಾರೆ.

ಈಗ ಯಾವುದೋ ಐಪಿಒದಲ್ಲಿ (ಕಂಪನಿ ಮೊದಲ ಸಲ ಸಾರ್ವಜನಿಕರಿಗೆ ಷೇರು ಮಾರುವುದು) ಅಪ್ಪನಿಗೆ ಷೇರು ‘ಹಂಚಿಕೆಯಾಗಿದೆ’, ಸೋಮವಾರದೊಳಗೆ 6 ಲಕ್ಷ ತುಂಬದಿದ್ದರೆ ಖಾತೆ ಸ್ಥಗಿತವಾಗುತ್ತದೆ ಎನ್ನುತ್ತಿದ್ದಾರೆ. ಅಪ್ಪ ನಿಶ್ಚಿತ ಠೇವಣಿ ಮುರಿಸಲು ಹೊರಟಿದ್ದಾರೆ. ಲೆಕ್ಕ ನನಗೆ ಹೇಳಿಕೊಡಬೇಡ ಎನ್ನುವ ಗಣಿತದ ಮೇಷ್ಟರಿಗೆ ಏನು ಹೇಳಲಿ?

ನಿವೃತ್ತ ಕ್ಯಾಷಿಯರ್

ತಂಗಿ, ಮೊದಲು ಪಾಸ್‌ಬುಕ್ ತುಂಬಿಸಿ ತರಿಸಿ. ನಿಮ್ಮ ತಂದೆ ಕಳಿಸಿದ ಹಣ ಯಾರ ಹೆಸರಿನ ಖಾತೆಗಳಿಗೆ ಹೋಗಿದೆ ನೋಡಿ. ಯಾವುದೋ ಊರಿನ ಟ್ರೇಡರ್ಸ್, ಎಂಟರ್‌ಪ್ರೈಸಸ್, ಇಲ್ಲವೇ ಯಾರೋ ಒಬ್ಬ ವ್ಯಕ್ತಿಯ ಉಳಿತಾಯ ಖಾತೆ ಇದ್ದರೆ ಬೇರೆ ಪುರಾವೆ ಬೇಕಿಲ್ಲ. ಷೇರು ದಲ್ಲಾಳಿ ಸಂಸ್ಥೆ ತರಕಾರಿ ಮಂಡಿಯ ಖಾತೆಯಲ್ಲಿ ಹಣ ಪಡೆಯುವುದಿಲ್ಲ, ಪ್ರತಿ ಸಲ ಹೊಸ ಖಾತೆ ಸಂಖ್ಯೆಯನ್ನೂ ಕೊಡುವುದಿಲ್ಲ. 2025ರ ಏಪ್ರಿಲ್‌ನಿಂದ ನೆಫ್ಟ್, ಆರ್‌ಟಿಜಿಎಸ್ ಮಾಡುವಾಗಲೂ ಹಣ ಪಡೆಯುವವರ ಹೆಸರು ತೋರಿಸುವ ವ್ಯವಸ್ಥೆ ಬಂದಿದೆ. ಒತ್ತುವ ಮೊದಲು ಆ ಹೆಸರನ್ನು ಓದಿದರೆ ಸಾಕು.

ಇನ್ನು ಆ ಎಂಟು ಸಾವಿರ. ಅದು ಲಾಭವಲ್ಲ, ಗಾಳಕ್ಕೆ ಚುಚ್ಚಿದ ಎರೆಹುಳು. ಅದು ಯಾವ ಖಾತೆಯಿಂದ ಬಂದಿದೆ ಎಂಬುದನ್ನೂ ಪಾಸ್‌ಬುಕ್‌ನಲ್ಲಿ ನೋಡಿ. ಸಾಮಾನ್ಯವಾಗಿ ಅದು ಇನ್ನೊಬ್ಬ ನತದೃಷ್ಟನ ಹಣ. ಆತ ದೂರು ಕೊಟ್ಟರೆ ಪೊಲೀಸರು ಹಣದ ಜಾಡು ಹಿಡಿದು ನಿಮ್ಮ ತಂದೆಯ ಖಾತೆಯವರೆಗೂ ಬರಬಹುದು. ಖಾತೆಗೆ ತಡೆ ಬಿದ್ದರೆ ಪಿಂಚಣಿ ತೆಗೆಯಲೂ ಒದ್ದಾಡಬೇಕಾಗುತ್ತದೆ. ಇದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ.

ಕೊಡಿಯಾಲದವ

ನಾನು ಮಂಗಳೂರಿನಲ್ಲಿ ಷೇರು ದಲ್ಲಾಳಿ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಐಪಿಒ ವಿಷಯ ಓದಿ ನಗುವುದೋ ಅಳುವುದೋ ತಿಳಿಯಲಿಲ್ಲ. ನಿಜವಾದ ಐಪಿಒದಲ್ಲಿ ಹಣ ನಮ್ಮ ಬ್ಯಾಂಕ್ ಖಾತೆಯಲ್ಲೇ ಇರುತ್ತದೆ. ಅರ್ಜಿ ಹಾಕಿದಾಗ ಅಷ್ಟು ಮೊತ್ತಕ್ಕೆ ಬ್ಯಾಂಕ್ ತಡೆ ಹಾಕುತ್ತದೆ, ಷೇರು ಸಿಕ್ಕರೆ ಮಾತ್ರ ಕಡಿತವಾಗುತ್ತದೆ, ಸಿಗದಿದ್ದರೆ ತಡೆ ತೆಗೆಯುತ್ತಾರೆ. ಇದಕ್ಕೆ ‘ಅಸ್ಬಾ’ ಎನ್ನುತ್ತಾರೆ. ಮೊದಲು ಹಂಚಿಕೆ ಮಾಡಿ ಆಮೇಲೆ ‘ಹಣ ತುಂಬು, ಇಲ್ಲವಾದರೆ ಖಾತೆ ಮುಚ್ಚುತ್ತೇವೆ’ ಎಂದು ಹೆದರಿಸುವ ಪದ್ಧತಿಯೇ ಇಲ್ಲ. ಚಿಲ್ಲರೆ ಹೂಡಿಕೆದಾರರ ಪಾಲಿನಲ್ಲಿ ಅರ್ಜಿಯ ಮಿತಿಯೇ 2 ಲಕ್ಷ ರೂಪಾಯಿ. 6 ಲಕ್ಷ ಎಲ್ಲಿಂದ ಬಂತು?

ಬಹುಶಃ ಅವರು ‘ಸಾಂಸ್ಥಿಕ ಖಾತೆ’ ಎಂಬ ಮಾತು ಆಡಿರುತ್ತಾರೆ. ವಿದೇಶಿ ಹೂಡಿಕೆ ಸಂಸ್ಥೆಯ ಮೂಲಕ ನಿಮಗೆ ಅಗ್ಗದಲ್ಲಿ ಷೇರು, ಖಚಿತ ಹಂಚಿಕೆ ಎಂದೆಲ್ಲ ಹೇಳುತ್ತಾರೆ. ಭಾರತದಲ್ಲಿ ನೆಲೆಸಿರುವವರಿಗೆ ಆ ದಾರಿಯೇ ಇಲ್ಲ ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಫೆಬ್ರುವರಿಯಲ್ಲೇ ಎಚ್ಚರಿಸಿತ್ತು.

ಅಪ್ಪನಿಗೆ ಒಂದೇ ಪ್ರಶ್ನೆ ಕೇಳಿ: ಆ ಷೇರುಗಳು ಯಾವ ಡಿಮ್ಯಾಟ್ ಖಾತೆಯಲ್ಲಿವೆ (ಷೇರು ಇಡುವ ಖಾತೆ)? ನಿಜವಾದ ಷೇರು, ಷೇರುಗಳ ದಾಖಲೆ ಇಡುವ ಸಂಸ್ಥೆಗಳಾದ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್‌ನಲ್ಲಿ ಅವರ ಪ್ಯಾನ್ ಸಂಖ್ಯೆಯ ಅಡಿ ಕಾಣಲೇಬೇಕು, ಒಟ್ಟು ಖಾತೆಯ ವಿವರ ಇ–ಮೇಲಿಗೆ ಬರಲೇಬೇಕು. ಆ್ಯಪ್‌ನ ಪರದೆಯ ಮೇಲೆ ಯಾವ ಅಂಕಿಯನ್ನಾದರೂ ಬರೆಯಬಹುದು. 2025ರ ಅಕ್ಟೋಬರ್‌ನಿಂದ ನೋಂದಾಯಿತ ದಲ್ಲಾಳಿಗಳ ಯುಪಿಐ ವಿಳಾಸದಲ್ಲಿ ‘ವ್ಯಾಲಿಡ್’ ಎಂಬ ಪದ ಇರುವಂತೆ ಸೆಬಿ ಮಾಡಿದೆ. ‘ಸೆಬಿ ಚೆಕ್’ ಎಂಬಲ್ಲಿ ಖಾತೆ ಸಂಖ್ಯೆ ಹಾಕಿಯೂ ಪರೀಕ್ಷಿಸಬಹುದು.

ಬಯಲುಸೀಮೆ

ಎಲ್ಲ ಸರಿ, ಆದರೆ ಒಂದು ಮಾತು ಹೇಳಲೇಬೇಕು. ಮೂರೂವರೆ ಲಕ್ಷ ಕೆಲವೇ ವಾರಗಳಲ್ಲಿ ಹದಿನಾಲ್ಕು ಲಕ್ಷವಾಗುತ್ತದೆ ಎಂದು ನಂಬುವವರಿಗೆ ದುರಾಸೆಯಲ್ಲದೆ ಬೇರೇನು? ಓದಿದವರೇ ಹೀಗೆ ಮಾಡಿದರೆ ಹಳ್ಳಿಯವರನ್ನು ದೂರಿ ಏನು ಪ್ರಯೋಜನ?

ಜಯನಗರ ನಾಲ್ಕನೇ ಬ್ಲಾಕ್

ಬಯಲುಸೀಮೆಯವರೇ, ಹೀಗೆ ಬೈಯುವುದರಿಂದಲೇ ಜನ ದೂರು ಕೊಡಲು ನಾಚುತ್ತಾರೆ, ಕಳ್ಳರಿಗೆ ಬೇಕಾದದ್ದೂ ಅದೇ. ಬೆಂಗಳೂರಿನಲ್ಲಿ ಐಎಂಎ ಎಂಬ ಹೂಡಿಕೆ ಕಂಪನಿ ಮುಳುಗಿದ್ದು 2019ರ ಜೂನ್‌ನಲ್ಲಿ. ಬಡ್ಡಿ ನಿಷಿದ್ಧವೆಂದು ಬ್ಯಾಂಕಿನಲ್ಲಿ ಠೇವಣಿ ಇಡದ ಕುಟುಂಬಗಳು, ಧರ್ಮಕ್ಕೆ ಒಪ್ಪುವ ಲಾಭಾಂಶ ಸಿಗುತ್ತದೆಂದು ಮಗಳ ಮದುವೆಯ ಹಣವನ್ನು ಅಲ್ಲಿ ಇಟ್ಟಿದ್ದವು. ಅದನ್ನು ಬರೀ ದುರಾಸೆ ಎನ್ನಲು ಬರುತ್ತದೆಯೇ? ಮರುವರ್ಷ ಜನವರಿಯಲ್ಲಿ ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಒಬ್ಬರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಗ ಸಾಲಿನಲ್ಲಿ ನಿಂತವರೆಲ್ಲ ನಮ್ಮಂಥ ಮಧ್ಯಮ ವರ್ಗದ ಹಿರಿಯರು. ಬೇರೆಡೆಗಿಂತ ಒಂದೆರಡು ಶೇಕಡಾ ಹೆಚ್ಚು ಬಡ್ಡಿ, ಮನೆ ಹತ್ತಿರ, ಪರಿಚಯದ ಮುಖಗಳು. ನಮ್ಮ ಚಿಕ್ಕಮ್ಮನೂ ಆ ಸಾಲಿನಲ್ಲಿದ್ದರು.

ನಿವೃತ್ತ ಕ್ಯಾಷಿಯರ್

ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಬ್ಯಾಂಕ್ ಮುಳುಗಿದರೆ ಠೇವಣಿ ವಿಮೆ ಇದೆ. 2020ರ ಫೆಬ್ರುವರಿಯಲ್ಲಿ ಅದರ ಮಿತಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿತು. 2021ರ ತಿದ್ದುಪಡಿಯ ನಂತರ, ನಿರ್ಬಂಧ ಬಿದ್ದ 90 ದಿನಗಳೊಳಗೆ ವಿಮೆಯ ಹಣ ಕೊಡಬೇಕೆಂಬ ನಿಯಮವೂ ಬಂದಿದೆ. ಐಎಂಎಯಂಥ ಕಡೆ ಇಟ್ಟ ಹಣಕ್ಕೆ ಆ ಆಸರೆ ಇಲ್ಲ. ಆಸ್ತಿ ಮುಟ್ಟುಗೋಲು ಹಾಕಿ, ಹರಾಜು ಮಾಡಿ, ಹಂಚಬೇಕು. ಕರ್ನಾಟಕದ ಠೇವಣಿದಾರರ ಹಿತರಕ್ಷಣಾ ಕಾಯ್ದೆ 2004ರದು. ಕಾಯ್ದೆ ಇದ್ದೂ ಜನ ವರ್ಷಗಟ್ಟಲೆ ಕಾದರು. ಆದರೆ ಮೇಷ್ಟರ ವಿಷಯಕ್ಕೆ ಇದೆಲ್ಲ ಸಂಬಂಧಿಸುವುದಿಲ್ಲ. ಐಎಂಎಗೆ ಕಟ್ಟಡವಾದರೂ ಇತ್ತು, ಇಲ್ಲಿ ಇರುವುದು ವಾಟ್ಸ್‌ಆ್ಯಪ್ ಚಿತ್ರ ಮಾತ್ರ.

ಸಾಗರದ ಮಗಳು

ಎಲ್ಲರಿಗೂ ಧನ್ಯವಾದ. ಸರ್ ಹೇಳಿದಂತೆ ಪಾಸ್‌ಬುಕ್ ಫೋಟೊ ಅಮ್ಮನಿಂದ ತರಿಸಿಕೊಂಡೆ. ಹಣ ಹೋದದ್ದು ಒಂದು ಬಟ್ಟೆ ಅಂಗಡಿಯಂಥ ಹೆಸರಿನ ಖಾತೆಗೆ, ಒಂದು ಸಾರಿಗೆ ಸಂಸ್ಥೆಗೆ, ಉಳಿದವು ವ್ಯಕ್ತಿಗಳ ಖಾತೆಗಳಿಗೆ. ಅಪ್ಪನಿಗೆ ಫೋನ್ ಮಾಡಿ ಹೇಳಿದರೆ, ‘ಅವೆಲ್ಲ ಕಂಪನಿಯ ಪಾಲುದಾರರ ಖಾತೆಗಳು, ತೆರಿಗೆ ಉಳಿಸಲು ಹಾಗೆ ಮಾಡುತ್ತಾರೆ, ಸಹಾಯಕಿ ಮೊದಲೇ ಹೇಳಿದ್ದಾಳೆ’ ಎಂದರು. ಗುಂಪಿನಲ್ಲಿ ನೂರಕ್ಕೂ ಹೆಚ್ಚು ಜನ ದಿನವೂ ಲಾಭದ ಚಿತ್ರ ಹಾಕಿ ಪ್ರೊಫೆಸರಿಗೆ ನಮಿಸುತ್ತಾರಂತೆ, ಅಷ್ಟೂ ಜನ ಸುಳ್ಳರೇ ಎಂದು ಕೇಳಿದರು. ನಾರಾಯಣ ಮೂರ್ತಿಯವರೇ ಇಂಥ ವ್ಯಾಪಾರದ ಬಗ್ಗೆ ಮಾತನಾಡಿರುವ ವಿಡಿಯೊ ಇದೆಯಂತೆ. ಕೊನೆಗೆ ಕೋಪಿಸಿಕೊಂಡು ಫೋನ್ ಇಟ್ಟರು. ಅಮ್ಮ ಅಳುತ್ತಿದ್ದಾರೆ.

ಕೊಡಿಯಾಲದವ

ಆ ವಿಡಿಯೊ ನಕಲಿ. ತಮ್ಮ ಹೆಸರಿನಲ್ಲಿ ಹರಿದಾಡುವ ಇಂಥ ವಿಡಿಯೊಗಳನ್ನು ನಂಬಬೇಡಿ ಎಂದು ಮೂರ್ತಿಯವರೇ 2023ರ ಡಿಸೆಂಬರ್‌ನಲ್ಲಿ ಬಹಿರಂಗವಾಗಿ ಹೇಳಿದ್ದಾರೆ. ಗುಂಪಿನ ನೂರು ಜನರಲ್ಲಿ ನಿಜವಾದವರು ನಿಮ್ಮಪ್ಪನಂಥ ನಾಲ್ಕೈದು ಮಂದಿ ಇರಬಹುದು. ಉಳಿದ ಸಂಖ್ಯೆಗಳೆಲ್ಲ ಒಂದೇ ಕೋಣೆಯಲ್ಲಿ ಕುಳಿತವರದು.

ದಾವಣಗೆರೆ ಸೊಸೆ

ತಂಗಿ, ಪುರಾವೆ ತೋರಿಸುವುದನ್ನು ನಿಲ್ಲಿಸಿ. ನಮ್ಮ ಮಾವನವರ ವಿಷಯದಲ್ಲಿ ನಾವು ಪತ್ರಿಕೆಯ ಸುದ್ದಿ ಕತ್ತರಿಸಿ ತೋರಿಸಿದಷ್ಟೂ ಅವರು ಆ ಗುಂಪಿಗೆ ಹತ್ತಿರವಾದರು. ಮನೆಯವರೆಲ್ಲ ಒಂದು ಕಡೆ, ತಾವೊಬ್ಬರೇ ಒಂದು ಕಡೆ ಎಂದಾದಾಗ, ಆ ಕಡೆ ಸವಿಮಾತನಾಡುವವಳು ಗೆಲ್ಲುತ್ತಾಳೆ. ‘ನಿಮ್ಮ ಮನೆಯವರಿಗೆ ತಿಳಿಯುವುದಿಲ್ಲ, ಲಾಭ ಬಂದ ಮೇಲೆ ಅವರೇ ಹೊಗಳುತ್ತಾರೆ’ ಎಂದು ಅವಳು ಮೊದಲೇ ಹೇಳಿಕೊಟ್ಟಿರುತ್ತಾಳೆ. ನೀವು ಬೈದಾಗ ಅವಳ ಭವಿಷ್ಯವೇ ನಿಜವಾದಂತಾಗುತ್ತದೆ.

ನಾವು ಮಾಡಿದ್ದು ಇಷ್ಟೇ. ‘ಸರಿ ಮಾವ, ನೀವು ಹೇಳುವುದೇ ನಿಜವಿರಲಿ. ಹೊಸದಾಗಿ ಹಣ ಏಕೆ ಹಾಕಬೇಕು? ಅವರ ಹತ್ತಿರವೇ ನಿಮ್ಮ ಲಾಭ ಇದೆಯಲ್ಲ, ಅದರಲ್ಲೇ ಹಿಡಿದುಕೊಳ್ಳಲು ಹೇಳಿ’ ಎಂದೆವು. ಇದಕ್ಕೆ ಕೋಪ ಮಾಡಿಕೊಳ್ಳಲು ಅವರಿಗೆ ಕಾರಣ ಸಿಗಲಿಲ್ಲ. ಸಹಾಯಕಿಯನ್ನು ಅವರೇ ಕೇಳಿದರು. ಅವಳು ಒಂದಾದ ಮೇಲೊಂದು ನೆಪ ಹೇಳಿದಳು. ಮೂರನೆಯ ನೆಪಕ್ಕೆ ಮಾವನವರೇ ಸುಮ್ಮನಾದರು. ನಿಮ್ಮ ತಂದೆಗೂ ಹೇಳಿ ನೋಡಿ: 14 ಲಕ್ಷದಲ್ಲಿ 6 ಲಕ್ಷ ಕಳೆದರೆ 8 ಲಕ್ಷ ಉಳಿಯುತ್ತದೆ, ಠೇವಣಿ ಏಕೆ ಮುರಿಯಬೇಕು?

ಮತ್ತು ಊರಿಗೆ ಹೋಗಿ. ಇದು ಫೋನಿನಲ್ಲಿ ಆಗುವ ಕೆಲಸವಲ್ಲ.

ಬಯಲುಸೀಮೆ

ಈ ಸಲಹೆ ಒಪ್ಪುತ್ತೇನೆ. ಮೇಲಿನ ಮಾತು ಖಾರವಾಯಿತು, ಇರಲಿ. ಜೊತೆಗೆ ಬ್ಯಾಂಕಿನ ಮ್ಯಾನೇಜರಿಗೆ ಒಂದು ಮಾತು ಹೇಳಿಟ್ಟರೆ ಆಗದೇ?

ನಿವೃತ್ತ ಕ್ಯಾಷಿಯರ್

ಗ್ರಾಹಕ ತನ್ನ ಹಣ ಕೇಳಿದರೆ ಇಲ್ಲ ಎನ್ನುವ ಅಧಿಕಾರ ಮ್ಯಾನೇಜರಿಗಿಲ್ಲ. ಆದರೆ ಹಳ್ಳಿಯ ಶಾಖೆಯಲ್ಲಿ ಮೇಷ್ಟರನ್ನು ಕೂರಿಸಿ, ಕಾಫಿ ಕೊಟ್ಟು, ‘ಯಾರಿಗೆ ಕಳಿಸುತ್ತಿದ್ದೀರಿ ಸರ್, ಹೆಸರು ಹೇಳಿ’ ಎಂದು ಕೇಳುವ ಸ್ವಾತಂತ್ರ್ಯ ಇದೆ. ಹಳೆಯ ವಿದ್ಯಾರ್ಥಿಯೊಬ್ಬ ಶಾಖೆಯಲ್ಲಿದ್ದರಂತೂ ಮಗಳ ಮಾತಿಗಿಂತ ಅವನ ಮಾತು ಹೆಚ್ಚು ನಡೆಯುತ್ತದೆ. ಮೊಬೈಲ್ ಬ್ಯಾಂಕಿಂಗ್‌ನ ದಿನದ ಮಿತಿಯನ್ನು ತಗ್ಗಿಸಲು ಅಪ್ಪನನ್ನೇ ಒಪ್ಪಿಸಿದರೆ ಇನ್ನೂ ಒಳ್ಳೆಯದು.

ಸಾಗರದ ಮಗಳು

ರಾತ್ರಿ ಬಸ್ಸಿಗೆ ಊರಿಗೆ ಬಂದೆ. ದಾವಣಗೆರೆಯ ಅಕ್ಕ ಹೇಳಿದಂತೆಯೇ ಮಾಡಿದೆ. ಏನಾಯಿತು ಎಂದು ವಿವರವಾಗಿ ಬರೆಯುತ್ತೇನೆ, ಬೇರೆಯವರಿಗೂ ಬೇಕಾಗಬಹುದು.

ಅಪ್ಪ ಸಹಾಯಕಿಗೆ ತಾವೇ ಸಂದೇಶ ಕಳಿಸಿದರು: ‘ನನ್ನ 14 ಲಕ್ಷದಲ್ಲೇ 6 ಲಕ್ಷ ಹಿಡಿದುಕೊಳ್ಳಿ.’ ಆ ಹಣ ಷೇರುಗಳಲ್ಲಿ ಕಟ್ಟಿಹೋಗಿದೆ ಎಂಬ ಉತ್ತರ ಬಂತು. ‘ಹಾಗಾದರೆ ಮಾರಿಬಿಡಿ’ ಎಂದರು. ಮಾರಬಹುದು, ಆದರೆ ಹಣ ಬಿಡುಗಡೆಯಾಗಲು ಮೊದಲು ಶೇ 20ರಷ್ಟು ತೆರಿಗೆ, ಅಂದರೆ 2,80,000 ರೂಪಾಯಿ ಕಟ್ಟಬೇಕು ಎಂದಳು. ಅಪ್ಪ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದರು. ನಂತರ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಮಾಡಿದರು. ನಾನು ಹಾಕಿದ್ದು 3,40,000. ಲಾಭ 10,60,000. ಅದರ ಶೇ 20 ಎಂದರೆ 2,12,000. ಇವಳು ಕೇಳುತ್ತಿರುವುದು ಪೂರ್ತಿ 14 ಲಕ್ಷದ ಶೇ 20. ‘ಬಂಡವಾಳಕ್ಕೂ ತೆರಿಗೆ ಹಾಕುತ್ತಾಳಲ್ಲ, ಇವಳಿಗೆ ಏಳನೇ ತರಗತಿಯ ಲಾಭ–ನಷ್ಟದ ಲೆಕ್ಕವೂ ಬರುವುದಿಲ್ಲವೇ!’ ಎಂದು ಸಿಟ್ಟಾದರು. ನಾನು ಹೇಳಿದ ಯಾವ ಮಾತಿಗೂ ಬಾರದ ಸಿಟ್ಟು ತಪ್ಪು ಲೆಕ್ಕಕ್ಕೆ ಬಂತು.

ತಪ್ಪನ್ನು ತೋರಿಸಿ ಬರೆದಾಗ, ಅವಳು ಸೆಬಿಯ ಮುದ್ರೆ ಇದ್ದ ಪತ್ರವೊಂದನ್ನು ಕಳಿಸಿದಳು. ಅದರಲ್ಲಿ ನಿಯಮದ ಸಂಖ್ಯೆಯೇ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಅಪ್ಪನನ್ನು ಗುಂಪಿನಿಂದ ತೆಗೆದುಹಾಕಿದರು.

ಕೊಡಿಯಾಲದವ

ಮೇಷ್ಟರಿಗೆ ನಮಸ್ಕಾರ. ಕಳ್ಳರು ಶೇ 20 ಎಂದು ಏಕೆ ಹೇಳುತ್ತಾರೆಂದರೆ, ಷೇರುಗಳ ಅಲ್ಪಾವಧಿ ಲಾಭದ ಮೇಲಿನ ತೆರಿಗೆ 2024ರ ಜುಲೈ 23ರಿಂದ ನಿಜಕ್ಕೂ ಶೇ 20 ಆಗಿದೆ. ಹುಡುಕಿ ನೋಡಿದವರಿಗೆ ಅಂಕಿ ಸರಿ ಕಾಣುತ್ತದೆ. ಆದರೆ ಆ ತೆರಿಗೆಯನ್ನು ನಾವು ನೇರವಾಗಿ ಆದಾಯ ತೆರಿಗೆ ಇಲಾಖೆಗೆ ಕಟ್ಟುತ್ತೇವೆ, ರಿಟರ್ನ್ಸ್‌ನಲ್ಲಿ ತೋರಿಸುತ್ತೇವೆ. ನಮ್ಮದೇ ಹಣ ಹಿಂಪಡೆಯಲು ದಲ್ಲಾಳಿಗೆ ಮುಂಗಡ ತೆರಿಗೆ ಕಟ್ಟುವುದು ಎಂಬುದಿಲ್ಲ.

ಕರಿಕೋಟು

ವಕೀಲನಾಗಿ ಇಲ್ಲಿಂದ ಮುಂದಿನದು ನನ್ನ ಪಾಲು. ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿಯೂ ದೂರು ದಾಖಲಿಸಿ. ಪ್ರತಿ ವರ್ಗಾವಣೆಯ ದಿನಾಂಕ, ಮೊತ್ತ, ಯುಟಿಆರ್ ಸಂಖ್ಯೆ (ವರ್ಗಾವಣೆಯ ಗುರುತಿನ ಸಂಖ್ಯೆ) ಕೈಯಲ್ಲಿರಲಿ. ದೂರು ಹೋದ ತಕ್ಷಣ ಹಣ ತಲುಪಿದ ಬ್ಯಾಂಕಿಗೆ ಸೂಚನೆ ಹೋಗುತ್ತದೆ, ಅಲ್ಲಿ ಉಳಿದಿರುವಷ್ಟಕ್ಕೆ ತಡೆ ಬೀಳುತ್ತದೆ. ಹಳೆಯ ವರ್ಗಾವಣೆಗಳಲ್ಲಿ ಹೆಚ್ಚೇನೂ ಸಿಗದು, ಆ ಹಣ ನಾಲ್ಕಾರು ಖಾತೆ ದಾಟಿರುತ್ತದೆ. ಇತ್ತೀಚಿನದರಲ್ಲಿ ಸ್ವಲ್ಪವಾದರೂ ಸಿಗಬಹುದು.

ಆ್ಯಪ್ ಅಳಿಸುವ ಮೊದಲು ಎಲ್ಲ ಪರದೆಗಳ ಚಿತ್ರ ತೆಗೆದುಕೊಳ್ಳಿ, ವಾಟ್ಸ್‌ಆ್ಯಪ್ ಸಂಭಾಷಣೆ ಅಳಿಸಲೇಬೇಡಿ. ಲಿಂಕಿನಿಂದ ಹಾಕಿಕೊಂಡ ಎಪಿಕೆ (ಪ್ಲೇ ಸ್ಟೋರಿನ ಹೊರಗಿನಿಂದ ಹಾಕುವ ಆ್ಯಪ್ ಕಡತ) ಆಗಿದ್ದರೆ ಅದು ಎಸ್‌ಎಂಎಸ್ ಓದುತ್ತಿರಲೂಬಹುದು. ಬ್ಯಾಂಕಿನ ಪಾಸ್‌ವರ್ಡ್, ಯುಪಿಐ ಪಿನ್‌ಗಳನ್ನು ಬೇರೆ ಮೊಬೈಲಿನಿಂದ ಬದಲಿಸಿ.

ಒಂದು ಭ್ರಮೆಯೂ ಬೇಡ. ಅನಧಿಕೃತ ವಹಿವಾಟನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನಿಗೆ ಹೊಣೆ ಇಲ್ಲ ಎಂಬ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯನ್ನು ಎಲ್ಲರೂ ಹೇಳುತ್ತಾರೆ. ಅದು ನಮಗೆ ತಿಳಿಯದಂತೆ ಹಣ ಹೋದಾಗಿನ ಮಾತು. ಇಲ್ಲಿ ತಂದೆಯವರೇ ಪಿನ್ ಒತ್ತಿ ಕಳಿಸಿದ್ದಾರೆ, ಬ್ಯಾಂಕ್ ಕೊಡುವುದಿಲ್ಲ.

ಮೊಳಕಾಲ್ಮೂರು

1930, 1930 ಎಂದು ಎಲ್ಲರೂ ಹೇಳುತ್ತೀರಿ. ನನ್ನ ಸ್ನೇಹಿತನೊಬ್ಬ ದೂರು ಕೊಟ್ಟು ವರ್ಷವಾಯಿತು, ಒಂದು ಪೈಸೆ ಬಂದಿಲ್ಲ. ಠಾಣೆಗೆ ಹೋದರೆ ಬೇರೆ ಠಾಣೆಗೆ ಹೋಗಿ ಎಂದರಂತೆ.

ಕರಿಕೋಟು

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ದೂರು ಕೊಟ್ಟರೆ ಹಣ ತಾನಾಗಿ ಬರುತ್ತದೆ ಎಂದುಕೊಂಡು ಕಾಯುವವರೇ ಹೆಚ್ಚು. ತಡೆ ಬಿದ್ದ ಹಣ ಬಿಡಿಸಲು ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟ್ ಮುಂದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 503ರ ಅಡಿ ಅರ್ಜಿ ಹಾಕಬೇಕಾಗುತ್ತದೆ. ಹಳೆಯ ಕಾನೂನಿನಲ್ಲಿ ಇದು ಕಲಂ 457 ಆಗಿತ್ತು. ನಿಮ್ಮ ಸ್ನೇಹಿತನ ದೂರಿನ ಸಂಖ್ಯೆ ಹಾಕಿ, ಎಷ್ಟು ತಡೆ ಬಿದ್ದಿದೆ ಎಂದು ಪೋರ್ಟಲ್‌ನಲ್ಲಿ ನೋಡಲು ಹೇಳಿ. ಸೊನ್ನೆ ಇದ್ದರೆ ದುಃಖದ ಸಂಗತಿ. ಮೊತ್ತ ಇದ್ದರೆ ಅರ್ಜಿಗಾಗಿ ಕಾದು ಕುಳಿತಿದೆ ಎಂದರ್ಥ. ಇನ್ನು ವ್ಯಾಪ್ತಿಯ ಮಾತು: ಯಾವ ಠಾಣೆಯಲ್ಲಾದರೂ ಶೂನ್ಯ ಎಫ್‌ಐಆರ್ ದಾಖಲಿಸಲೇಬೇಕು. ಅದೇ ಸಂಹಿತೆಯ ಕಲಂ 173ರಲ್ಲಿ ಅದು ಸ್ಪಷ್ಟವಾಗಿದೆ.

ಸಾಗರದ ಮಗಳು

ದೂರು ಕೊಟ್ಟಾಯಿತು. ಸ್ವೀಕೃತಿ ಸಂಖ್ಯೆ ಬಂದಿದೆ. ಕೊನೆಯ ಎರಡು ವರ್ಗಾವಣೆಗಳಲ್ಲಿ ಒಟ್ಟು 61,000 ರೂಪಾಯಿಗೆ ತಡೆ ಬಿದ್ದಿದೆ ಎಂದು ಪೋರ್ಟಲ್ ತೋರಿಸುತ್ತಿದೆ.

ಇವತ್ತು ಬೆಳಿಗ್ಗೆ ಹೊಸ ಕಥೆ. ಅಪ್ಪನಿಗೆ ವಿಡಿಯೊ ಕರೆ ಬಂತು. ಖಾಕಿ ತೊಟ್ಟವನೊಬ್ಬ ಮುಂಬೈ ಪೊಲೀಸ್ ಎಂದು ಹೇಳಿ, ‘ನಿಮ್ಮ ಖಾತೆಯಲ್ಲಿ ಅಕ್ರಮ ಹಣ ಬಂದಿದೆ, ಮನೆಯಿಂದ ಹೊರಗೆ ಹೋಗುವಂತಿಲ್ಲ, ಯಾರೊಂದಿಗೂ ಮಾತನಾಡುವಂತಿಲ್ಲ’ ಎಂದ. ಅಪ್ಪನ ಕೈ ನಡುಗುತ್ತಿತ್ತು. ನಾನು ಫೋನ್ ಕಸಿದುಕೊಂಡು ಕರೆ ಕಡಿದೆ.

ಜಯನಗರ ನಾಲ್ಕನೇ ಬ್ಲಾಕ್

ಅದೇ ‘ಡಿಜಿಟಲ್ ಬಂಧನ’. ನಮ್ಮ ಕಾನೂನಿನಲ್ಲಿ ಅಂಥದ್ದು ಇಲ್ಲವೇ ಇಲ್ಲ. ಪ್ರಧಾನಿ 2024ರ ಅಕ್ಟೋಬರ್ 27ರ ‘ಮನದ ಮಾತು’ ಕಾರ್ಯಕ್ರಮದಲ್ಲಿ ಕೇಳಿಸಿದ ಕರೆಯ ತುಣುಕು ನಮ್ಮ ವಿಜಯಪುರದವರೊಬ್ಬರದೇ. ಅವರು ಹೆದರದೆ ಆ ಕರೆಯನ್ನು ರೆಕಾರ್ಡ್ ಮಾಡಿಕೊಂಡಿದ್ದರು. 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿದೆ. ಮೇಷ್ಟರಿಗೆ ಆ ಕಾರ್ಯಕ್ರಮದ ತುಣುಕನ್ನು ತೋರಿಸಿ, ಅದೇ ಸಂಭಾಷಣೆ, ಅದೇ ಗದರಿಕೆ. ಒಮ್ಮೆ ಕೇಳಿದರೆ ನಾಟಕದ ಮಾತು ಗುರುತು ಸಿಗುತ್ತದೆ.

ನಿವೃತ್ತ ಕ್ಯಾಷಿಯರ್

ಇನ್ನೊಂದು ಬರಲಿದೆ, ಈಗಲೇ ಹೇಳಿಟ್ಟಿರಿ. ‘ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ, ನೋಂದಣಿ ಶುಲ್ಕ ಕಟ್ಟಿ’ ಎಂದು ಸೈಬರ್ ಪರಿಣತರು, ವಕೀಲರು, ಕೆಲವೊಮ್ಮೆ ರಿಸರ್ವ್ ಬ್ಯಾಂಕಿನವರು ಎಂದೇ ಹೇಳಿಕೊಂಡು ಕರೆ ಮಾಡುತ್ತಾರೆ. ಮೋಸಹೋದವರ ಪಟ್ಟಿ ಅವರ ನಡುವೆ ಮಾರಾಟವಾಗುತ್ತದೆ. ಕರಿಕೋಟಿನವರು ಬೇಸರಿಸಬಾರದು.

ಕರಿಕೋಟು

ಬೇಸರವಿಲ್ಲ. ನನ್ನ ವೃತ್ತಿಯ ಹೆಸರಿನಲ್ಲಿ ಕರೆ ಬಂದರೆ ಎನ್‌ರೋಲ್‌ಮೆಂಟ್ ಸಂಖ್ಯೆ ಕೇಳಿ, ವಕೀಲರ ಪರಿಷತ್ತಿನಲ್ಲಿ ವಿಚಾರಿಸಿ.

ಸಾಗರದ ಮಗಳು

ಪಾಸ್‌ಬುಕ್ ತುಂಬಿಸಲು ಹೋದಾಗ ಗೊತ್ತಾಯಿತು, ಸರ್ ಹೇಳಿದ್ದೇ ಆಗಿದೆ. ಅಪ್ಪನ ಖಾತೆಯಲ್ಲಿ ಎಂಟು ಸಾವಿರಕ್ಕೆ ತಡೆ ಬಿದ್ದಿದೆ. ಬೇರೆ ರಾಜ್ಯದ ಠಾಣೆಯೊಂದರ ದೂರು. ಅದೃಷ್ಟಕ್ಕೆ ಪೂರ್ತಿ ಖಾತೆ ನಿಂತಿಲ್ಲ. ‘ನಾನೇ ಈಗ ಕಳ್ಳನ ಸಾಲಿನಲ್ಲಿ ನಿಂತೆನೇ?’ ಎಂದು ಅಪ್ಪ ಕೇಳುತ್ತಿದ್ದಾರೆ. ಈ ಎಂಟು ಸಾವಿರಕ್ಕೆ ನಾವೇನು ಮಾಡಬೇಕು? ನಾಳೆ ಶಿವಮೊಗ್ಗದ ಸಿಇಎನ್ (ಸೈಬರ್ ಅಪರಾಧಗಳ) ಠಾಣೆಗೆ ಹೊರಟಿದ್ದೇವೆ.

ಕರಿಕೋಟು

ಇಲ್ಲ, ತಂದೆಯವರು ಆರೋಪಿಯಲ್ಲ. ಎಂಟು ಸಾವಿರ ಹಾಗೆಯೇ ಇರಲಿ, ಅದನ್ನು ಬಿಡಿಸಲು ಹೋಗಬೇಡಿ, ಅದು ಇನ್ನೊಬ್ಬರಿಗೆ ಸೇರಬೇಕಾದದ್ದು. ಬ್ಯಾಂಕಿನಿಂದ ಆ ದೂರಿನ ಸಂಖ್ಯೆ, ಠಾಣೆಯ ಹೆಸರು ಪಡೆದು, ತಂದೆಯವರೂ ಸಂತ್ರಸ್ತರು ಎಂಬ ವಿವರಣೆಯೊಂದಿಗೆ ನಿಮ್ಮ ದೂರಿನ ಪ್ರತಿಯನ್ನು ಆ ಠಾಣೆಗೆ ಇ–ಮೇಲ್ ಮಾಡಿ, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ.

ನಾಳೆ ಹೋಗುವಾಗ ಬೇಕಾದದ್ದು: ಶಾಖೆಯ ಮೊಹರು ಹಾಕಿಸಿದ ಖಾತೆ ವಿವರ, ಪೋರ್ಟಲ್ ಸ್ವೀಕೃತಿ, ಸಂಭಾಷಣೆಯ ಮುದ್ರಿತ ಪ್ರತಿ, ಆ ಮೊಬೈಲ್, ತಂದೆಯವರ ಆಧಾರ್. ದೂರು ತಂದೆಯವರ ಹೆಸರಿನಲ್ಲೇ ಇರಲಿ, ಸಹಿಯೂ ಅವರದೇ. 61,000 ರೂಪಾಯಿಯ ತಡೆಯನ್ನು ಎಫ್‌ಐಆರ್‌ನಲ್ಲಿ ಬರೆಯಿಸಿ, ಮರೆಯಬೇಡಿ, ನ್ಯಾಯಾಲಯದಲ್ಲಿ ಮೊದಲು ಕೇಳುವುದು ಅದನ್ನೇ. ಆ ಕ್ಯಾಲೆಂಡರಿನ ಹಾಳೆಯನ್ನೂ ತೆಗೆದುಕೊಂಡು ಹೋಗಿ, 2,80,000 ಕೇಳಿದ ಸಂದೇಶದ ಪಕ್ಕಕ್ಕೆ ಇಟ್ಟರೆ ತನಿಖಾಧಿಕಾರಿಗೆ ವಂಚನೆಯ ವಿಧಾನ ವಿವರಿಸುವ ಶ್ರಮ ಉಳಿಯುತ್ತದೆ. ಠಾಣೆಯಿಂದ ಹೊರಬರುವ ಮೊದಲು ಎಫ್‌ಐಆರ್ ಪ್ರತಿ ಕೇಳಿ ಪಡೆಯಿರಿ, ಅದು ಉಚಿತ.